ಹಾಡು ಕೆಟ್ಟಿತೋ, ಕಿವಿಗೆ ಮುಪ್ಪಡಸಿತೋ?

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದುವೆಂದರೆ, ತೇರನ್ನೆಳೆದ ರಾತ್ರಿ ಒಂದು ಸಣ್ಣ ವ್ಯಾಜ್ಯವು ತಪ್ಪದೆ ನಡೆಯುವುದು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಒಟ್ಟಿ, ಬಣ್ಣಬಣ್ಣದ ದೀಪಗಳನ್ನು ತಿರುಗಿಸುತ್ತ, 'ಡಿಜೆ' ಎಂಬ ಹೆಸರಿನ ಮೆರವಣಿಗೆಯು ಹೊರಡುವುದು. ತರುಣರು ಅದರ ಮುಂದೆ ಕುಣಿಯುವರು. ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಕಿವಿ ಮುಚ್ಚಿಕೊಳ್ಳುವರು. “ಇವೇನ್ ಹಾಡೋ ಯಪ್ಪಾ, ಎದಿ ಒಡೀತೈತಿ. ನಮ್ಮ ಕಾಲದಾಗ ಹಾಡಂದ್ರ ಹಾಡಿದ್ದುವು” ಎಂದು ಅಜ್ಜನು ಹೇಳುವನು. “ಅಜ್ಜಾ, ನಿನಗ ಕಿವಿ ಸರಿ ಕೇಳಂಗಿಲ್ಲ, ಅದಕ್ಕ ಹಂಗ ಅಂತಿ” ಎಂದು ಮೊಮ್ಮಗನು ನಕ್ಕು ಓಡಿಹೋಗುವನು.

ಈ ಎರಡು ಮಾತುಗಳಲ್ಲಿ ಎರಡು ಸಿದ್ಧಾಂತಗಳು ಅಡಗಿವೆ. ಜನರ ಬಾಯಿಯಲ್ಲಿ ಓಡಾಡುವ ಸಂಗೀತವು ದಿನದಿನಕ್ಕೆ ಕೆಡುತ್ತಿದೆಯೆಂಬುದು ಅಜ್ಜನ ಪಕ್ಷ. ಕೆಟ್ಟಿರುವುದು ಹಾಡಲ್ಲ, ಕೇಳುವವನಿಗೆ ವಯಸ್ಸಾಗಿದೆಯೆಂಬುದು ಮೊಮ್ಮಗನ ಪಕ್ಷ. ಎರಡರಲ್ಲಿ ಯಾವುದು ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಇದು ಬರಿಯ ಕಾಲಕ್ಷೇಪದ ಪ್ರಶ್ನೆಯಲ್ಲ. ಒಂದು ಊರಿನ ಹಿರಿಯರು ಹೊಸ ಹಾಡನ್ನೆಲ್ಲ ಹೊಟ್ಟೆಂದು ತಳ್ಳಿಬಿಟ್ಟರೆ, ಆ ಊರಿನ ಎಳೆಯ ಹಾಡುಗಾರನಿಗೆ ತಿಳಿದವರ ಕಿವಿಯೇ ಇಲ್ಲದಂತಾಗುವುದು. ಊರಿನ ಕಿರಿಯರು ಹಿರಿಯರ ದೂರನ್ನೆಲ್ಲ ಮುಪ್ಪಿನ ಗೊಣಗಾಟವೆಂದು ತಳ್ಳಿಬಿಟ್ಟರೆ, ನಿಜವಾಗಿ ಕಳೆದುಹೋಗುತ್ತಿರುವ ವಸ್ತುವಿನ ಎಚ್ಚರಿಕೆಯೂ ಅವರಿಗೆ ಮುಟ್ಟದೆ ಹೋಗುವುದು. ಎರಡೂ ನಷ್ಟವೇ.

ಈ ದೂರು ಇಂದು ನಿನ್ನೆಯದಲ್ಲ. ಕಾಳಿದಾಸನು ತನ್ನ 'ಮಾಳವಿಕಾಗ್ನಿಮಿತ್ರ' ನಾಟಕದ ಪ್ರಸ್ತಾವನೆಯಲ್ಲಿ, ಭಾಸನೇ ಮೊದಲಾದ ಹೆಸರುವಾಸಿಗಳನ್ನು ಬಿಟ್ಟು ಈ ಹೊಸಬನ ನಾಟಕವನ್ನು ಏಕೆ ಆಡಬೇಕೆಂಬ ಆಕ್ಷೇಪವನ್ನು ತಾನೇ ಎತ್ತಿ, ಹಳೆಯದೆಂಬ ಕಾರಣಕ್ಕೆ ಯಾವುದೂ ಒಳ್ಳೆಯದಾಗದು, ಹೊಸದೆಂಬ ಕಾರಣಕ್ಕೆ ಯಾವುದೂ ಕೆಟ್ಟದಾಗದು ಎಂಬ ಅರ್ಥದ ಉತ್ತರವನ್ನು ಸೂತ್ರಧಾರನ ಬಾಯಿಂದ ಹೇಳಿಸಿರುವನು. ಅಂದು ಹೊಸಬನೆಂದು ಅನುಮಾನಕ್ಕೆ ಗುರಿಯಾದವನೇ ಇಂದು ಹಳಬರಲ್ಲಿ ಅಗ್ರಗಣ್ಯನಾಗಿರುವನು. ಆದರೆ ಅಷ್ಟು ದೂರ ಹೋಗುವುದೇಕೆ? ಇದೇ ಪಾಠವನ್ನು ಹುಬ್ಬಳ್ಳಿಯ ಆಸುಪಾಸಿನ ಮಣ್ಣೇ ನಮಗೆ ಹೇಳಿಕೊಡುವುದು.

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲುದಾರಿಯಲ್ಲಿ ಕುಂದಗೋಳವೆಂಬ ಊರುಂಟು. ಸ್ವಾತಂತ್ರ್ಯಕ್ಕೆ ಮುಂಚೆ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಹಿಂದೂಸ್ಥಾನೀ ಸಂಗೀತದಲ್ಲಿ ಕಿರಾನಾ ಘರಾಣೆಯ ಹೆಸರು ಬಂದಲ್ಲೆಲ್ಲ ಈ ಊರಿನ ಹೆಸರೂ ಬರುವುದು. 1886ರಲ್ಲಿ ಹುಬ್ಬಳ್ಳಿಗೆ ಸಮೀಪದ ಅಮರಗೋಳದಲ್ಲಿ ಹುಟ್ಟಿ, ರಾಮಭಾವೂ ಕುಂದಗೋಳಕರರೆಂದು ಹೆಸರಾಗಿ, ಮುಂದೆ 'ಸವಾಯಿ ಗಂಧರ್ವ'ರೆಂಬ ಬಿರುದಿನಿಂದ ಲೋಕಪ್ರಸಿದ್ಧರಾದವರು ಇಲ್ಲಿಯೇ ನೆಲೆಸಿ ಶಿಷ್ಯರಿಗೆ ಪಾಠ ಹೇಳಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಕೇಳಿ ಹಿಂದಿರುಗುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿಯೇ ಇದ್ದು ಕಲಿತರು. ಇಂದು ಈ ಹೆಸರುಗಳನ್ನು ಕೇಳಿದೊಡನೆ ಹಿರಿಯರು ಕೈಮುಗಿಯುವರು. ಶುದ್ಧ ಸಂಗೀತವೆಂದರೆ ಇದೇ ಎನ್ನುವರು. ಆದರೆ ಇವರೆಲ್ಲರ ಸಂಗೀತವೂ ತನ್ನ ಕಾಲದಲ್ಲಿ ಹೊಸದಾಗಿದ್ದಿತು. ಹೊಸದಕ್ಕೆ ಬರತಕ್ಕ ಸಂದೇಹಕ್ಕೂ ಗುರಿಯಾಗಿದ್ದಿತು.

ಮೊದಲನೆಯ ಮಾತೆಂದರೆ, ಹಿಂದೂಸ್ಥಾನೀ ಪದ್ಧತಿಯೇ ಈ ಸೀಮೆಗೆ ತಡವಾಗಿ ಬಂದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕರ್ನಾಟಕ ಸಂಗೀತವೂ ಬಳಕೆಯಲ್ಲಿದ್ದಿತು. ಮರಾಠಿಯ ಸಂಗೀತ ನಾಟಕಗಳು, ಮೀರಜಿನ ಸಂಗೀತಗಾರರ ಸಹವಾಸ, ಮೈಸೂರಿಗೆ ಹೋಗಿಬರುವ ಉಸ್ತಾದರ ಬಿಡಾರಗಳು, ಇವೆಲ್ಲವುಗಳಿಂದ ಉತ್ತರಾದಿ ಗಾಯನವು ಕ್ರಮಕ್ರಮವಾಗಿ ಇಲ್ಲಿ ಬೇರುಬಿಟ್ಟಿತು. ಇಂದು ಧಾರವಾಡದ ಪರಂಪರೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಒಂದು ಕಾಲಕ್ಕೆ ಹೊರಗಿನಿಂದ ಬಂದ ಹೊಸ ರುಚಿ. ಆ ರುಚಿಯನ್ನು ತಂದ ಅಬ್ದುಲ್ ಕರೀಮ್ ಖಾನರೂ ಹಳೆಯದನ್ನು ಇದ್ದಂತೆಯೇ ಇಟ್ಟವರಲ್ಲ. ಅವರು ದಕ್ಷಿಣದ ಪದ್ಧತಿಯನ್ನು ಆದರದಿಂದ ಅಭ್ಯಾಸಮಾಡಿದರು, ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಕೆಗೆ ಹಾಡಿದರು, ಖಯಾಲಿನಲ್ಲಿ ಸರಿಗಮವನ್ನು ದಕ್ಷಿಣದವರಂತೆ ಹೆಣೆದರು.

ಎರಡನೆಯದು ನಾಟಕದ ಹಾಡು. ಸವಾಯಿ ಗಂಧರ್ವರು ತಮ್ಮ ಯೌವನದ ಬಹುಭಾಗವನ್ನು ಮರಾಠಿ ನಾಟಕಮಂಡಳಿಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡುತ್ತ ಕಳೆದರು. ಆಗಿನ ಕಾಲಕ್ಕೆ ನಾಟಕದ ಹಾಡೆಂದರೆ ಇಂದಿನ ಸಿನಿಮಾ ಹಾಡಿದ್ದಂತೆಯೇ. ಅದು ಬೀದಿಯ ಹುಡುಗರ ಬಾಯಿಗೂ ಬರುವ, ಚಿಕ್ಕದಾದ, ಚುರುಕಾದ ಹಾಡು. ರಾತ್ರಿಯೆಲ್ಲ ಒಂದೆರಡು ರಾಗಗಳನ್ನು ಬಿಡಿಸಿ ಹಾಡುವ ಬೈಠಕಿನ ಮುಂದೆ ಅದು ಹಗುರವೆಂದು ಎಣಿಸಲ್ಪಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಗದುಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೇ ಮೊದಲಾದ ನಮ್ಮ ಕನ್ನಡ ಕಂಪನಿಗಳ ಹಾಡುಗಳೂ ಇದೇ ದಾರಿಯಲ್ಲಿ ಮನೆಮನೆಗೆ ಬಂದುವು. ಕಂಪನಿ ನಾಟಕ ನೋಡಿ ಹುಡುಗರು ಹಾಳಾಗುತ್ತಾರೆಂದು ಬೈದವರ ಮೊಮ್ಮಕ್ಕಳು, ಈಗ ಆ ರಂಗಗೀತೆಗಳನ್ನು ಹುಡುಕಿ ತೆಗೆದು, ಸಮ್ಮೇಳನಗಳಲ್ಲಿ ಹಾಡಿಸಿ, ಹಾಡಿದವರಿಗೆ ಶಾಲು ಹೊದಿಸುತ್ತಿರುವರು.

ಮೂರನೆಯದು ಗ್ರಾಮಫೋನು. 1902ರಲ್ಲಿ ಕಲಕತ್ತೆಯಲ್ಲಿ ಗೋಹರ್ ಜಾನರ ಹಾಡನ್ನು ಮುದ್ರಿಸಿದಂದಿನಿಂದ ಭಾರತದ ಸಂಗೀತವು ತಟ್ಟೆಯ ಮೇಲೆ ಏರಿತು. ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷದ ಹಾಡು. ಒಂದು ರಾಗಕ್ಕೆ ಒಂದು ಗಂಟೆ ಸಾಲದೆನ್ನುವವರಿಗೆ ಇದು ಅಪಚಾರವಾಗಿ ತೋರಿತು. ಹಲವರು ಉಸ್ತಾದರು ಯಂತ್ರದ ಮುಂದೆ ಹಾಡಲು ಒಲ್ಲೆವೆಂದರು. ಇಂದು ಅರ್ಧ ನಿಮಿಷದ ತುಣುಕುಗಳನ್ನು ಕೈಯ ಫೋನಿನಲ್ಲಿ ತಳ್ಳುತ್ತ ನೋಡುವ ಹುಡುಗರನ್ನು ಕಂಡು ನಾವು ಮರುಗುವಂತೆಯೇ, ಅಂದಿನವರು ಮೂರು ನಿಮಿಷದ ರಾಗವನ್ನು ಕಂಡು ಮರುಗಿದರು.

ಆದರೆ ಆ ಮೂರು ನಿಮಿಷಗಳು ಏನು ಮಾಡಿದುವೆಂಬುದನ್ನು ನೋಡಿರಿ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯೊಂದರ ಮುದ್ರಿಕೆಯನ್ನು ಗದಗಿನ ಕಡೆಯ ಒಬ್ಬ ಬಾಲಕನು ಕೇಳಿದನು. ಹಾಗೆ ಹಾಡಬೇಕೆಂಬ ಹಂಬಲವು ಅವನನ್ನು ಬಿಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಗ್ವಾಲಿಯರ, ಜಾಲಂಧರ ಮೊದಲಾದ ಊರುಗಳನ್ನು ಸುತ್ತಿ, ಕಡೆಗೆ ತನ್ನ ಊರಿನ ಸಮೀಪದ ಕುಂದಗೋಳಕ್ಕೇ ಬಂದು, 1936ರಲ್ಲಿ ಸವಾಯಿ ಗಂಧರ್ವರ ಶಿಷ್ಯನಾದನು. ಆ ಬಾಲಕನೇ ಭೀಮಸೇನ ಜೋಶಿ. 2008ರಲ್ಲಿ ಅವರಿಗೆ ಭಾರತರತ್ನವು ಘೋಷಿತವಾದಾಗ ಇಡೀ ಜಿಲ್ಲೆಯೇ ಸಂತೋಷಪಟ್ಟಿತು. ಯಂತ್ರದ ಹಾಡನ್ನು ಮಕ್ಕಳ ಕಿವಿಗೆ ಬೀಳಗೊಡಬಾರದೆಂದು ಅಂದಿನ ಹಿರಿಯರೆಲ್ಲ ಪಟ್ಟುಹಿಡಿದಿದ್ದರೆ, ಆ ಹಂಬಲವು ಹುಟ್ಟುತ್ತಿದ್ದಿತೇ ಎಂದು ನಾವು ಕೇಳಬೇಕಾಗುವುದು.

ನಾಲ್ಕನೆಯದು ನಮ್ಮ ಹಳ್ಳಿಯ ಭಜನೆಯ ಪೇಟಿ. ಹಾರ್ಮೋನಿಯಮ್ ಇಲ್ಲದ ಭಜನಾಮೇಳವನ್ನು ನವಲಗುಂದ, ಕಲಘಟಗಿಗಳ ಸೀಮೆಯಲ್ಲಿ ಇಂದು ಊಹಿಸುವುದೂ ಕಷ್ಟ. ಅದಿಲ್ಲದಿದ್ದರೆ ಸಂಪ್ರದಾಯ ಕೆಟ್ಟಿತೆನ್ನುವರು. ಆದರೆ ಈ ವಾದ್ಯವು ಯುರೋಪಿನಿಂದ ಬಂದುದು. ಇದರ ಮನೆಗಳು ಕಟ್ಟಿಟ್ಟ ಸ್ವರಗಳು. ಇದರಲ್ಲಿ ಮೀಂಡವಿಲ್ಲ, ಸೂಕ್ಷ್ಮಶ್ರುತಿಗಳಿಲ್ಲ. ಇದು ಭಾರತೀಯ ಸಂಗೀತವನ್ನೇ ಕೆಡಿಸುವುದೆಂದು ವಿದ್ವಾಂಸರು ವಾದಿಸಿದರು. 1940ರಲ್ಲಿ ಅಖಿಲ ಭಾರತ ಬಾನುಲಿಯು ಇದನ್ನು ಬಹಿಷ್ಕರಿಸಿತು. ಆ ನಿರ್ಬಂಧವು 1971ರವರೆಗೆ ಸಡಿಲಲಿಲ್ಲ. ವಾದದಲ್ಲಿ ಸತ್ಯಾಂಶವಿದ್ದಿತು, ಮೀಂಡವು ಪೇಟಿಯಲ್ಲಿ ಬರುವುದಿಲ್ಲವೆಂಬುದು ಇಂದಿಗೂ ನಿಜ. ಆದರೆ ಅದರಿಂದ ಬರುವುದೆಂದು ಭಯಪಟ್ಟ ನಾಶವು ಬರಲಿಲ್ಲ. ಪೇಟಿಯ ಜೊತೆಯಲ್ಲಿಯೇ ದೊಡ್ಡ ದೊಡ್ಡ ಗಾಯಕರು ಸೂಕ್ಷ್ಮಶ್ರುತಿಗಳನ್ನು ಹಾಡಿ ತೋರಿಸಿದರು.

ಐದನೆಯದು ಸಿನಿಮಾ ಹಾಡು. 1934ರಲ್ಲಿ 'ಸತಿ ಸುಲೋಚನ'ದೊಡನೆ ಕನ್ನಡದ ಚಿತ್ರವು ಮಾತನಾಡಲು ಕಲಿತಿತು, ಹಾಡಲೂ ಕಲಿತಿತು. 1952ರಿಂದ ಹತ್ತು ವರ್ಷ ಕೇಂದ್ರದಲ್ಲಿ ಪ್ರಸಾರ ಮಂತ್ರಿಗಳಾಗಿದ್ದ ಬಿ. ವಿ. ಕೇಸ್ಕರರು ಚಿತ್ರಗೀತೆಗಳಿಂದ ಜನರ ಅಭಿರುಚಿಯು ಕೆಡುವುದೆಂದು ನಂಬಿ, ಬಾನುಲಿಯಲ್ಲಿ ಅವುಗಳಿಗೆ ಜಾಗವನ್ನು ಬಹಳ ಕಡಿಮೆಮಾಡಿದರು. ಜನರು ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ಸರ್ಕಾರವೇ 'ವಿವಿಧ ಭಾರತಿ'ಯನ್ನು ತೆರೆದು ಅದೇ ಹಾಡುಗಳನ್ನು ಹಾಕಬೇಕಾಯಿತು. ಅಂದು ಅಭಿರುಚಿಯನ್ನು ಕೆಡಿಸುವುವೆಂದು ಹೊರಗಿಟ್ಟ ಆ ಐವತ್ತರ ದಶಕದ ಹಾಡುಗಳನ್ನೇ ಇಂದಿನ ಅಜ್ಜಂದಿರು ಸುವರ್ಣಯುಗದ ಹಾಡುಗಳೆಂದು ಕರೆಯುವರು.

ಹೀಗೆ ನೋಡುತ್ತ ಬಂದರೆ, ಒಂದೊಂದು ತಲೆಮಾರೂ ತನ್ನ ಮಕ್ಕಳ ಹಾಡಿನಲ್ಲಿ ಅವನತಿಯನ್ನು ಕಂಡಿರುವುದು. ಅಷ್ಟೂ ತೀರ್ಪುಗಳು ನಿಜವಾಗಿದ್ದರೆ, ಇಷ್ಟು ಹೊತ್ತಿಗೆ ಹಾಡೆಂಬುದೇ ಉಳಿಯುತ್ತಿರಲಿಲ್ಲ. ಆದುದರಿಂದ ಈ ತೀರ್ಪಿನಲ್ಲಿ ಹಾಡಿಗಿಂತ ಹೆಚ್ಚಾಗಿ ತೀರ್ಪು ಕೊಡುವವನ ಪಾತ್ರವಿರಬೇಕೆಂಬ ಸಂದೇಹವು ಸಹಜವಾಗಿಯೇ ಬರುವುದು. ಈ ಸಂದೇಹಕ್ಕೆ ಶಾಸ್ತ್ರಜ್ಞರ ಬೆಂಬಲವೂ ಉಂಟು.

ಅಮೆರಿಕದಲ್ಲಿ ಹಾಲ್‌ಬ್ರೂಕ್, ಷಿಂಡ್ಲರ್ ಎಂಬ ಇಬ್ಬರು ವಿದ್ವಾಂಸರು 1989ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹದಿನಾರರಿಂದ ಎಂಬತ್ತಾರರವರೆಗಿನ ವಯಸ್ಸಿನ 108 ಜನರಿಗೆ, 1932ರಿಂದ 1986ರವರೆಗೆ ಜನಪ್ರಿಯವಾಗಿದ್ದ 28 ಹಾಡುಗಳ ತುಣುಕುಗಳನ್ನು ಕೇಳಿಸಿ, ಯಾವುದು ಎಷ್ಟು ಮೆಚ್ಚಿಗೆಯಾಯಿತೆಂದು ಕೇಳಿದರು. ಯಾವ ಹಾಡು ಯಾರಿಗೆ ಅತ್ಯಂತ ಪ್ರಿಯವೆಂದು ಲೆಕ್ಕ ಹಾಕಿದಾಗ, ಸರಾಸರಿಯಲ್ಲಿ ಕೇಳುವವನಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷ ವಯಸ್ಸಾಗಿದ್ದಾಗ ಬಂದ ಹಾಡೇ ಅವನಿಗೆ ಹೆಚ್ಚು ಪ್ರಿಯವಾಗಿ ಕಂಡುಬಂದಿತು. ಹತ್ತರಿಂದ ಮೂವತ್ತರವರೆಗಿನ ಪ್ರಾಯದ ನೆನಪುಗಳು ಮನುಷ್ಯನಲ್ಲಿ ಉಳಿದ ನೆನಪುಗಳಿಗಿಂತ ದಟ್ಟವಾಗಿ ಉಳಿಯುವುವೆಂಬುದನ್ನು ಮನಶ್ಶಾಸ್ತ್ರಜ್ಞರು ಬೇರೆ ದಾರಿಗಳಿಂದಲೂ ಕಂಡಿರುವರು. ಮೊದಲ ಸಂಬಳ, ಮೊದಲ ಪ್ರೀತಿ, ಮದುವೆಯ ಚಪ್ಪರ, ಗೆಳೆಯರೊಡನೆ ಸೈಕಲ್ಲು ತುಳಿದು ಹುಬ್ಬಳ್ಳಿಗೆ ಹೋಗಿ ನೋಡಿದ ಸಿನಿಮಾ, ಇವೆಲ್ಲ ಆ ಕಾಲದವು. ಹಾಡು ಅವುಗಳೊಡನೆ ಹೆಣೆದುಕೊಂಡುಬಿಡುವುದು. ಅಜ್ಜನು ಹಳೆಯ ಹಾಡನ್ನು ಕೇಳುವಾಗ ಹಾಡನ್ನು ಮಾತ್ರ ಕೇಳುವುದಿಲ್ಲ, ತನ್ನ ಇಪ್ಪತ್ತನೆಯ ವರ್ಷವನ್ನೂ ಕೇಳುತ್ತಾನೆ. ಇಂದಿನ ಹಾಡಿನೊಳಗೆ ಅವನ ಇಪ್ಪತ್ತನೆಯ ವರ್ಷವಿಲ್ಲ. ಅದಿರುವುದು ಮೊಮ್ಮಗನಿಗೆ.

ಇದಕ್ಕೆ ಒಂದು ಸ್ವಾರಸ್ಯವಾದ ಉಪಸಂಹಾರವೂ ಉಂಟು. 2013ರಲ್ಲಿ ಕ್ರುಮ್‌ಹಾನ್ಸ್ಲ್, ಝುಪ್ನಿಕ್ ಎಂಬ ಇಬ್ಬರು ವಿದ್ವಾಂಸರು ಇಪ್ಪತ್ತರ ಆಸುಪಾಸಿನ ತರುಣರಿಗೆ 1955ರಿಂದ 2009ರವರೆಗಿನ ಹಾಡುಗಳನ್ನು ಕೇಳಿಸಿದರು. ತರುಣರಿಗೆ ತಮ್ಮ ಕಾಲದ ಹಾಡುಗಳಲ್ಲದೆ, ತಮ್ಮ ತಂದೆತಾಯಿಗಳು ತರುಣರಾಗಿದ್ದ ಕಾಲದ ಹಾಡುಗಳೂ, ಒಂದಿಷ್ಟು ಮಟ್ಟಿಗೆ ಅಜ್ಜ ಅಜ್ಜಿಯರ ಕಾಲದ ಹಾಡುಗಳೂ ವಿಶೇಷವಾಗಿ ಆಪ್ತವಾಗಿರುವುದು ಕಂಡಿತು. ಮನೆಯಲ್ಲಿ ಹಿರಿಯರು ಹಾಡನ್ನು ಹಾಕಿದರೆ ಮಕ್ಕಳ ಕಿವಿಗೆ ಅದು ಅಂಟಿಕೊಳ್ಳುವುದೆಂದು ಇದರ ತಾತ್ಪರ್ಯ. ಬೈಗುಳದಿಂದ ಆಗದ ಕೆಲಸವು ಬಳಕೆಯಿಂದ ಆಗುವುದು.

ಇನ್ನು ಮೊಮ್ಮಗನು ಹಾಸ್ಯಕ್ಕೆ ಹೇಳಿದ ಮಾತನ್ನೇ ನಿಜವಾಗಿ ತೆಗೆದುಕೊಳ್ಳೋಣ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. 'ಸ', 'ಶ', 'ತ' ಮುಂತಾದ ವ್ಯಂಜನಗಳ ಸ್ಪಷ್ಟತೆಯು ಆ ಎತ್ತರದ ನಾದಗಳಲ್ಲಿಯೇ ಇರುವುದರಿಂದ, ಗದ್ದಲದ ನಡುವೆ ಮಾತು ಕಲಸಿಹೋಗುವುದು. ಈಗಿನ ಹಾಡಿನಲ್ಲಿ ಸಾಹಿತ್ಯವೇ ತಿಳಿಯುವುದಿಲ್ಲವೆಂಬ ದೂರಿನಲ್ಲಿ ಇದರದೂ ಒಂದು ಪಾಲು. ಅಲ್ಲದೆ ಹೀಗೆ ಸವೆದ ಕಿವಿಗೆ ಇನ್ನೊಂದು ವಿಚಿತ್ರ ಗುಣವುಂಟು. ಮೆಲ್ಲನೆಯ ಶಬ್ದವು ಅದಕ್ಕೆ ಕೇಳುವುದೇ ಇಲ್ಲ. ಶಬ್ದವು ಸ್ವಲ್ಪ ಹೆಚ್ಚಿತೆಂದರೆ ಒಮ್ಮೆಲೇ ಸಹಿಸಲಾರದಷ್ಟಾಗುವುದು. ಆದುದರಿಂದ ಅಜ್ಜನಿಗೆ ಕಿವಿ ಕೇಳುವುದಿಲ್ಲವೆಂಬ ಮೊಮ್ಮಗನ ಮಾತೂ ನಿಜ, ಎದೆಯೊಡೆಯುತ್ತದೆಂಬ ಅಜ್ಜನ ಮಾತೂ ನಿಜ.

ಹಳೆಯ ಕಾಲದ ಬಗ್ಗೆ ಎಲ್ಲರನ್ನೂ ಮೋಸಗೊಳಿಸುವ ಇನ್ನೊಂದು ಕಾರಣವುಂಟು. ಅದನ್ನು ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ರೈತನಿಗೆ ವಿವರಿಸಬೇಕಾದುದಿಲ್ಲ. ಬಿಳಿಜೋಳದ ರಾಶಿಯನ್ನು ಕಣದಲ್ಲಿ ಗಾಳಿಗೆ ತೂರಿದಾಗ ಹೊಟ್ಟು ಹಾರಿಹೋಗಿ ಕಾಳು ಕೆಳಗೆ ನಿಲ್ಲುವುದು. ಕಾಲವೆಂಬುದೂ ಅಂತಹ ಒಂದು ಗಾಳಿ. ಅರವತ್ತು ವರ್ಷದ ಹಿಂದೆಯೂ ಕೆಲಸಕ್ಕೆ ಬಾರದ ಹಾಡುಗಳು ನೂರಾರು ಬಂದುವು. ಅವುಗಳನ್ನು ಮರೆತಿದ್ದೇವೆ, ಮರೆತಿದ್ದೇವೆಂಬುದನ್ನೂ ಮರೆತಿದ್ದೇವೆ. ಉಳಿದ ಹತ್ತು ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು, ಇಂದಿನ ತೂರದ ರಾಶಿಯ ಪಕ್ಕದಲ್ಲಿ ಹಿಡಿದು, ನೋಡಿರಿ ಎಷ್ಟು ಹೊಟ್ಟು ಎಂದರೆ ಅದು ನ್ಯಾಯವಾದ ಅಳತೆಯಲ್ಲ. ತೂರದ ರಾಶಿಯನ್ನು ತೂರದ ರಾಶಿಯೊಡನೆಯೇ ಹೋಲಿಸಬೇಕು.

ಅಶ್ಲೀಲತೆಯ ಮಾತನ್ನೂ ಇಲ್ಲಿಯೇ ಮುಗಿಸಬಹುದು. ಇಂದಿನ ಹಾಡುಗಳಲ್ಲಿ ನಾಚಿಕೆಗೆಟ್ಟ ಮಾತುಗಳಿವೆಯೆಂಬುದು ಸುಳ್ಳಲ್ಲ. ಆದರೆ ನಮ್ಮ ಹೋಳಿಯ ಪದಗಳನ್ನು ಕೇಳಿ ಬೆಳೆದ ಹಿರಿಯರು, ಹಿಂದಿನ ಹಾಡೆಲ್ಲ ತುಳಸಿಕಟ್ಟೆಯ ಮುಂದೆ ಹಾಡುವಂತಹುದೆಂದು ಹೇಳುವುದು ಹೇಗೆ? ಬೈಲಹೊಂಗಲದ ಕಥೆಯಾದ 'ಸಂಗ್ಯಾ ಬಾಳ್ಯಾ' ಪರಸ್ತ್ರೀವ್ಯಾಮೋಹದ, ಗೆಳೆತನದ ದ್ರೋಹದ, ಕೊಲೆಯ ಕಥೆ. ಒಂದು ಕಾಲಕ್ಕೆ ಸಭ್ಯರು ದೂರವಿಟ್ಟ ಅಂತಹ ಸಣ್ಣಾಟಗಳನ್ನು ಈಗ ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸಮಾಡುವರು.

ಇಷ್ಟರಿಂದ ಮೊಮ್ಮಗನ ಪಕ್ಷವೇ ಗೆದ್ದಿತೆಂದು ಹೇಳಿ ಮುಗಿಸಿದರೆ ನಾವು ಸುಲಭದ ದಾರಿ ಹಿಡಿದಂತಾಗುವುದು. ಮುಪ್ಪಾದವನು ಹೇಳಿದನೆಂಬ ಮಾತ್ರಕ್ಕೆ ಮಾತು ಸುಳ್ಳಾಗದು. ಸಂಗೀತವು ಬದಲಾಗಿದೆಯೇ ಎಂಬುದನ್ನು ಕೇಳುವವನ ವಯಸ್ಸನ್ನು ಬದಿಗಿಟ್ಟು ಅಳೆಯಲು ಸಾಧ್ಯವೇ? ಗಣಕಯಂತ್ರಗಳ ಸಹಾಯದಿಂದ ಸಾಧ್ಯವಾಗಿದೆ. 2012ರಲ್ಲಿ ಸ್ಪೇನ್ ದೇಶದ ಸೆರ್ರಾ ಮತ್ತು ಅವರ ಸಹೋದ್ಯೋಗಿಗಳು, 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಹಾಡುಗಳನ್ನು ಹೀಗೆ ಪರೀಕ್ಷಿಸಿದರು. ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳ ವೈವಿಧ್ಯವು ಕಡಿಮೆಯಾಗಿದೆ, ನಾದದ ಬಣ್ಣಗಳು ಒಂದೇ ತರಹವಾಗುತ್ತಿವೆ, ಮುದ್ರಿಸುವ ಶಬ್ದದ ಮಟ್ಟವು ಏರುತ್ತ ಬಂದಿದೆ ಎಂದು ಅವರು ಕಂಡರು. ಇದು ಅಜ್ಜನ ಪಕ್ಷಕ್ಕೆ ಸಾಕ್ಷಿ. ಆದರೆ 2015ರಲ್ಲಿ ಲಂಡನ್ನಿನ ಮಾಉಕ್ ಮತ್ತು ಅವರ ಸಹೋದ್ಯೋಗಿಗಳು, ಅಮೆರಿಕದಲ್ಲಿ 1960ರಿಂದ 2010ರವರೆಗೆ ಜನಪ್ರಿಯತೆಯ ಪಟ್ಟಿಯಲ್ಲಿ ಸೇರಿದ ಸುಮಾರು 17,000 ಹಾಡುಗಳನ್ನು ಪರೀಕ್ಷಿಸಿ, ವೈವಿಧ್ಯವು ಒಂದೇ ಸಮನೆ ಇಳಿದಿಲ್ಲವೆಂದೂ, 1964, 1983, 1991ರ ಸುಮಾರಿಗೆ ದೊಡ್ಡ ಪಲ್ಲಟಗಳಾಗಿವೆಯೆಂದೂ ಹೇಳಿದರು. ಇದು ಮೊಮ್ಮಗನ ಪಕ್ಷಕ್ಕೆ ಸಾಕ್ಷಿ. ಇವು ಪಶ್ಚಿಮದ ಹಾಡುಗಳ ಲೆಕ್ಕಗಳು. ನಮ್ಮ ಹಾಡಿನ ಮೇಲೆ ಇದ್ದಕ್ಕಿದ್ದಂತೆ ಹೊರಿಸಲಾಗದು. ಅಲ್ಲದೆ ಯಂತ್ರವು ವೈವಿಧ್ಯವನ್ನು ಎಣಿಸೀತೇ ಹೊರತು, ರಸವನ್ನು ಎಣಿಸಲಾರದು.

ಒಂದು ವಿಷಯದಲ್ಲಿ ಮಾತ್ರ ಅಜ್ಜನ ದೂರು ನಿರ್ವಿವಾದವಾದುದು. ಅದು ಶಬ್ದದ ಅಬ್ಬರ. ಅದು ಅಭಿರುಚಿಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಹಾಕಕೂಡದೆಂದು 2000ದ ಶಬ್ದಮಾಲಿನ್ಯದ ನಿಯಮಗಳು ಹೇಳುತ್ತವೆ. ವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳೆಂದು ಮಿತಿಯನ್ನೂ ಹಾಕಿವೆ. ಟ್ರ್ಯಾಕ್ಟರಿನ ಮುಂದೆ ಕುಣಿಯುವ ಹುಡುಗನ ಕಿವಿಯ ಒಳಗಿನ ಸೂಕ್ಷ್ಮ ಕೂದಲುಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಜ್ಜನಿಗೆ ಎಪ್ಪತ್ತಕ್ಕೆ ಬಂದ ಕಿವಿ ಅವನಿಗೆ ನಲವತ್ತಕ್ಕೆ ಬರಬಹುದು. ಅದೇ ಹಾಡನ್ನು ಮೆಲ್ಲಗೆ ಹಾಕಿದರೆ ಈ ದೂರು ನಿಲ್ಲುವುದರಿಂದ, ಇದು ಹಾಡಿನ ದೋಷವಲ್ಲ, ಹಾಕುವವರ ದೋಷವೆಂದು ತಿಳಿಯತಕ್ಕದ್ದು.

ಇನ್ನು ನಮ್ಮ ಮುಖ್ಯವಾದ ಮಾತಿಗೆ ಬರೋಣ. ಜನರ ಸಂಗೀತದಲ್ಲಿ ನಿಜವಾಗಿ ಕ್ಷೀಣಿಸಿರುವುದು ಹಾಡಿನ ಗುಣವಲ್ಲ. ಹಾಡುವ ಸಂದರ್ಭಗಳು ಮತ್ತು ಹಾಡುವ ಬಾಯಿಗಳು. ಬೆಳಗಿನ ಜಾವ ಬೀಸುವಕಲ್ಲಿನ ಮುಂದೆ ಕುಳಿತು ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಊರಿಗೆ ಹಿಟ್ಟಿನ ಗಿರಣಿ ಬಂದಿತು, ಬೀಸುವ ಕೆಲಸ ನಿಂತಿತು, ಹಾಡೂ ನಿಂತಿತು. ಯಾರೂ ಆ ಹಾಡನ್ನು ಕೆಟ್ಟದೆಂದು ಬಿಡಲಿಲ್ಲ, ಯಾವ ಸಿನಿಮಾ ಹಾಡೂ ಅದನ್ನು ಸೋಲಿಸಲಿಲ್ಲ. ಹಾಡು ನಿಂತಿದ್ದುದು ಕೆಲಸದ ಮೇಲೆ; ಕೆಲಸ ಹೋದ ಮೇಲೆ ಅದಕ್ಕೆ ನೆಲವಿಲ್ಲದಾಯಿತು. ಬೀಸುವ ಶ್ರಮವು ಮತ್ತೆ ಬರಲೆಂದು ಹಾರೈಸುವ ನಿರ್ದಯರು ನಾವಲ್ಲ. ಆದರೆ ಶ್ರಮದೊಡನೆ ಹೋದುದೇನೆಂಬುದನ್ನು ತಿಳಿದಿರಬೇಕು.

ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಕಟ್ಟಿಗೆಯ ಮೇಲೆ ಅರಗಿನ ಹೊಳೆಯುವ ಬಣ್ಣ, ರಾಮಾಯಣ ಭಾರತಗಳ ಚಿತ್ರ. ಇಂದಿಗೂ ಜನರು ಅದನ್ನು ಬೇಕೆಂದು ಮಾಡಿಸಿಕೊಂಡು ಹೋಗುವರು. ಆದರೆ ತೊಟ್ಟಿಲನ್ನು ತೂಗುತ್ತ ಜೋಗುಳವನ್ನು ತಾನೇ ಹಾಡುವ ತಾಯಿ ಎಷ್ಟು ಮನೆಗಳಲ್ಲಿರುವಳು? ಫೋನಿನಿಂದ ಬರುವ ಜೋಗುಳವು ಶ್ರುತಿಶುದ್ಧವಾಗಿರಬಹುದು. ತಾಯಿಯ ಕಂಠಕ್ಕಿಂತ ಮಧುರವೂ ಆಗಿರಬಹುದು. ಹಾಡಿನ ಗುಣವು ಏರಿ, ಹಾಡುವವರ ಎಣಿಕೆಯು ಇಳಿದಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಹಿಂದೆ ಊರಿನಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಹಾಡುತ್ತಿದ್ದರು. ಈಗ ಎಲ್ಲೋ ಕೆಲವರು ಬಹಳ ಚೆನ್ನಾಗಿ ಹಾಡುವರು, ಉಳಿದವರೆಲ್ಲ ಕೇಳುವರು.

ಇದಕ್ಕೆ ಪ್ರತಿಯಾಗಿ, ಸಂದರ್ಭವನ್ನು ಕಾಪಾಡಿಕೊಂಡಲ್ಲಿ ಹಾಡೂ ಉಳಿದಿರುವುದು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ, ಅವರ ಪುಣ್ಯತಿಥಿಯ ಸಂಗೀತೋತ್ಸವವು ಕುಂದಗೋಳದ ನಾಡಗೇರರ ವಾಡೆಯಲ್ಲಿ ನಡೆದುಬಂದಿತು. ಅಹೋರಾತ್ರಿ ಹಾಡುವ, ಅಹೋರಾತ್ರಿ ಕೇಳುವ ರೂಢಿಯು ಅಲ್ಲಿ ಬೆಳೆಯಿತು. ದೊಡ್ಡ ಗಾಯಕರು ಹಾಡಿದ ಚಾವಡಿಯಲ್ಲಿಯೇ ಹೊಸಬರೂ ಹಾಡಿದರು. ಕುಂದಗೋಳದ ನೆರೆಯ ಶಿಶುನಾಳದ ಷರೀಫರ ಪದಗಳನ್ನೂ ನೋಡಿರಿ. ಕಳಸದ ಗೋವಿಂದಭಟ್ಟರ ಶಿಷ್ಯರಾದ ಷರೀಫರು 1889ರಲ್ಲಿ ದೇಹ ಬಿಟ್ಟರು. ಅವರ ಪದಗಳು ನೂರು ವರ್ಷ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದುವು. 1990ರ ಚಲನಚಿತ್ರದಲ್ಲಿ ಸಿ. ಅಶ್ವತ್ಥರು ಕೂಡಿಸಿದ ಮಟ್ಟುಗಳಿಂದ, ಆ ಮೇಳಗಳ ಪರಿಚಯವೇ ಇಲ್ಲದ ದಕ್ಷಿಣದ ಪಟ್ಟಣಗಳಿಗೂ ಹರಡಿದುವು. ಭಜನೆಯ ಮಟ್ಟು ಬೇರೆ, ಚಿತ್ರದ ಮಟ್ಟು ಬೇರೆ. ಎರಡೂ ಬದುಕಿವೆ, ಒಂದು ಇನ್ನೊಂದನ್ನು ಕೊಲ್ಲಲಿಲ್ಲ.

ಹಾಗಾದರೆ ಹಿರಿಯರು ಮಾಡತಕ್ಕದ್ದೇನು? ಇದಕ್ಕೆ ಉತ್ತರವನ್ನು ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಬಾಳಿನಲ್ಲಿ ಕಾಣುವೆವು. ಆಕೆ ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಅಬ್ದುಲ್ ಕರೀಮ್ ಖಾನರಂತಹವರು ಆಕೆಯ ಹಾಡನ್ನು ಮೆಚ್ಚಿದ್ದರು. ಮಗಳ ಒಲವು ಆ ಸೀಮೆಗೆ ಆಗ ಹೊಸದಾಗಿದ್ದ ಹಿಂದೂಸ್ಥಾನಿಯ ಕಡೆಗೆ ಹರಿದಾಗ, ತನ್ನ ಪದ್ಧತಿಯ ನೆರಳು ಮಗಳ ಹಾಡಿನ ಮೇಲೆ ಬೀಳಬಾರದೆಂದು ಆಕೆ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಹೊಸ ಸಂಗೀತವನ್ನು ಮೆಚ್ಚಲಾರದ ಹಿರಿಯರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ. ಹೊಸದಕ್ಕೆ ಎಡೆಮಾಡಿಕೊಡಲು ತನ್ನದನ್ನೇ ಬಿಟ್ಟ ಹಿರಿಯರು ವಿರಳ. ಅಷ್ಟು ದೊಡ್ಡ ತ್ಯಾಗವನ್ನು ಎಲ್ಲರಿಂದ ಕೇಳುವುದು ನ್ಯಾಯವಲ್ಲ, ಅವಶ್ಯವೂ ಅಲ್ಲ. ಆಕೆ ಇನ್ನೊಂದಿಷ್ಟು ಹಾಡಿದ್ದರೆ ನಾಡಿಗೆ ಲಾಭವೇ ಆಗುತ್ತಿದ್ದಿತು. ಆದರೆ ಮಗಳ ಕಿವಿ ಬೇರೆ, ಅದರ ಕಾಲ ಬೇರೆ ಎಂಬ ಆಕೆಯ ಅರಿವು ನಮ್ಮೆಲ್ಲರಿಗೂ ಬೇಕಾದುದು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವೆಂದು ಗಾದೆಯಿದೆ. ಹಾಡಿಗೂ ಹಾಗೆಯೇ. ನಮ್ಮ ಸಲಹೆಯು ಸಣ್ಣದು. ಹಿರಿಯರು ಹೊಸ ಹಾಡೊಂದನ್ನು ಮೆಲ್ಲನೆಯ ಧ್ವನಿಯಲ್ಲಿ, ಬೇರೆ ಬೇರೆ ದಿನ, ಮೂರು ಸಲ ಕೇಳಿ ಆಮೇಲೆ ತೀರ್ಪು ಕೊಡಲಿ. ಮೊದಲ ಸಲ ಅಪರಿಚಿತವಾದುದು ಮೂರನೆಯ ಸಲಕ್ಕೆ ತನ್ನ ಗುಣವನ್ನೋ ಅವಗುಣವನ್ನೋ ತಾನೇ ತೋರಿಸುವುದು. ಕಿರಿಯರು ತಮ್ಮ ಮನೆಯ ಅಜ್ಜಿಯಿಂದ ಒಂದು ಬೀಸುವ ಪದವನ್ನಾಗಲಿ, ಒಂದು ಜೋಗುಳವನ್ನಾಗಲಿ ಬಾಯಿಪಾಠ ಮಾಡಲಿ. ಕೈಯಲ್ಲಿರುವ ಫೋನು ಹಾಡನ್ನು ಹಿಡಿದಿಡುವುದಕ್ಕೂ ಬರುವುದಷ್ಟೆ. ಹಲಸಂಗಿಯವರು ಕಾಗದದ ಮೇಲೆ ಬರೆದು ಮಾಡಿದ ಕೆಲಸವನ್ನು, ಇಂದು ಹತ್ತನೆಯ ತರಗತಿಯ ಹುಡುಗಿಯು ಅಜ್ಜಿಯ ಧ್ವನಿಯ ಸಹಿತ ಮಾಡಬಲ್ಲಳು. ಅಜ್ಜಿಯು ಇರುವಾಗಲೇ ಅದನ್ನು ಮಾಡಬೇಕು.

ಪಂಪನ ಹೆಸರಿನೊಡನೆ ಬೆಸೆದುಕೊಂಡ ಅಣ್ಣಿಗೇರಿಯೂ ಇದೇ ಜಿಲ್ಲೆಯಲ್ಲಿದೆ. ಸಾವಿರ ವರ್ಷಗಳ ಹಿಂದೆ ಆ ಕವಿಯು, ಹೊಸ ಭಾವವೂ ನೆಲದ ದೇಸಿಯೂ ಹಿರಿಯರ ಮಾರ್ಗವೂ ಕೂಡಿದಲ್ಲಿ ಕಾವ್ಯವು ಚೆಲುವಾಗುವುದೆಂದು ಕಂಡುಕೊಂಡಿದ್ದನು. ಹಾಡಿಗೂ ಆ ಮಾತು ಒಪ್ಪುವುದು. ಮುಂದಿನ ಜಾತ್ರೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಮತ್ತೆ ಅದೇ ವ್ಯಾಜ್ಯವು ನಡೆಯುವುದು. ಹುಡುಗರು ಪೆಟ್ಟಿಗೆಯ ಕಿವಿಯನ್ನು ಒಂದಿಷ್ಟು ಹಿಂಡಿ ಧ್ವನಿಯನ್ನು ಇಳಿಸಲಿ. ಅಜ್ಜನು ಒಂದು ಹಾಡನ್ನು ಕಡೆಯವರೆಗೆ ಕೇಳಲಿ. ಅದು ಮುಗಿದ ಮೇಲೆ, ತನಗೆ ಇಪ್ಪತ್ತು ವರ್ಷವಾಗಿದ್ದಾಗ ಹಾಡುತ್ತಿದ್ದ ಒಂದು ಪದವನ್ನು ತಾನೇ ಬಾಯಿಬಿಟ್ಟು ಹಾಡಲಿ. ಆಗ ಹಾಡು ಕೆಟ್ಟಿತೋ ಕಿವಿಗೆ ಮುಪ್ಪಾಯಿತೋ ಎಂಬ ವ್ಯಾಜ್ಯವು ತೀರದಿದ್ದರೂ, ಕಟ್ಟೆಯ ಮೇಲೆ ಹಾಡುವವರು ಒಬ್ಬರು ಹೆಚ್ಚಿದಂತಾಗುವುದು.